ಘಟ್ಟದ ಮಳೆಕಾಡೂ ನಮ್ಮ ತೋಡುಗಳ ನೀರೂ

ಮಳೆ ಸಾಲದೆಂಬ ದೂರು ದಕ್ಷಿಣ ಕನ್ನಡ ಜಿಲ್ಲೆಯವರ ಬಾಯಲ್ಲಿ ಬರತಕ್ಕದ್ದಲ್ಲ. ಮಂಗಳೂರು ಪಟ್ಟಣದಲ್ಲಿ ವರ್ಷಕ್ಕೆ ಸುಮಾರು ೧೫೦ ಅಂಗುಲ ಮಳೆ ಬೀಳುವುದು. ಮೂಡಣಕ್ಕೆ ಸಾಗಿ ಘಟ್ಟದ ಬುಡವನ್ನು ಸೇರಿದಂತೆಲ್ಲ ಅದು ಹೆಚ್ಚುವುದು. ಘಟ್ಟದ ನೆತ್ತಿಯಲ್ಲಿರುವ ಆಗುಂಬೆಯಲ್ಲಿ ಸುಮಾರು ೩೦೦ ಅಂಗುಲವನ್ನು ಮುಟ್ಟುವುದು. ಒಂದು ಎಕ್ರೆ ನೆಲದ ಮೇಲೆ ಒಂದು ಅಂಗುಲ ಮಳೆಯಾಯಿತೆಂದರೆ ಸುಮಾರು ಒಂದು ಲಕ್ಷ ಲೀಟರು ನೀರು ಬಿದ್ದಂತಾಯಿತು. ಈ ಲೆಕ್ಕದಿಂದ ಮಂಗಳೂರಿನ ಸುತ್ತಲಿನ ಎಕ್ರೆಯೊಂದಕ್ಕೆ ಆಕಾಶವು ವರ್ಷಕ್ಕೆ ಒಂದೂವರೆ ಕೋಟಿ ಲೀಟರು ನೀರನ್ನು ಕೊಡುತ್ತಿದೆ. ಹೀಗಿದ್ದೂ ೨೦೧೬ನೆಯ ಇಸವಿಯ ಬೇಸಗೆಯಲ್ಲಿ ತುಂಬೆಯ ಅಣೆಕಟ್ಟಿನ ನೀರು ತಳಕ್ಕಿಳಿದು, ಪಟ್ಟಣದ ನಳ್ಳಿಗಳಿಗೆ ಸರದಿಯ ಮೇಲೆ ನೀರು ಬಿಡಬೇಕಾಗಿ ಬಂತು. ೨೦೧೯ರ ಮೇ ತಿಂಗಳಲ್ಲಿ ಪುನಃ ಅದೇ ಗತಿಯಾಯಿತು. ಆ ವರ್ಷವೇ ಆಗಸ್ಟ್ ತಿಂಗಳು ಬಂದಾಗ ನೇತ್ರಾವತಿಯು ಬಂಟ್ವಾಳದ ಪೇಟೆಗೆ ನುಗ್ಗಿತು. ಚಾರ್ಮಾಡಿ ಘಟ್ಟದ ಮಾರ್ಗವು ಅಲ್ಲಲ್ಲಿ ಕುಸಿದು ವಾಹನಸಂಚಾರ ನಿಂತಿತು. ಬೆಳ್ತಂಗಡಿ ತಾಲೂಕಿನಲ್ಲಿ ಘಟ್ಟದ ಬುಡದ ಗ್ರಾಮಗಳ ತೋಟ ಗದ್ದೆಗಳ ಮೇಲೆ ಮರಳೂ ಮರದ ದಿಮ್ಮಿಗಳೂ ಬಂದು ಬಿದ್ದವು.

ಇವೆರಡನ್ನೂ ಬೇರೆ ಬೇರೆ ಸಂಗತಿಗಳೆಂದು ತಿಳಿಯುವುದು ನಮ್ಮ ವಾಡಿಕೆ. ಒಂದನ್ನು ಬರವೆಂದೂ ಇನ್ನೊಂದನ್ನು ನೆರೆಯೆಂದೂ ಹೆಸರಿಸಿ, ಮೊದಲನೆಯದಕ್ಕೆ ಕೊಳವೆಬಾವಿಯನ್ನೂ ಎರಡನೆಯದಕ್ಕೆ ತಡೆಗೋಡೆಯನ್ನೂ ಬೇಡುತ್ತೇವೆ. ಆದರೆ ನೆಲದೊಳಕ್ಕೆ ಇಳಿಯದೆ ಮೇಲಿಂದ ಮೇಲೆಯೇ ಹರಿದುಹೋದ ನೀರು ಆಗಸ್ಟಿನಲ್ಲಿ ನೆರೆಯಾಗುವುದು. ಹಾಗೆ ಹರಿದುಹೋದುದರಿಂದಲೇ ಮುಂದಿನ ಏಪ್ರಿಲಿನಲ್ಲಿ ಒರತೆಗೆ ನೀರಿಲ್ಲವಾಗುವುದು. ಅಸಾಧಾರಣ ಮಳೆ ಸುರಿದ ದಿನ ದಟ್ಟ ಕಾಡಿನ ಗುಡ್ಡವೂ ಜಾರುವುದುಂಟು; ಕಾಡಿದ್ದರೆ ನೆರೆಯೇ ಬಾರದೆಂದು ಯಾರಾದರೂ ಹೇಳಿದರೆ ಅದನ್ನು ನಂಬತಕ್ಕದ್ದಲ್ಲ. ಹಾಗಿದ್ದರೂ ಸಾಧಾರಣ ವರ್ಷಗಳಲ್ಲಿ ಈ ಲೆಕ್ಕವನ್ನು ಸರಿದೂಗಿಸತಕ್ಕುದು ಘಟ್ಟದ ಮಳೆಕಾಡು. ಅದರ ತುಂಡುಗಳು ನಮ್ಮ ಕುಮ್ಕಿಗಳಲ್ಲಿಯೂ ಕಾನೆಗಳಲ್ಲಿಯೂ ನಾಗಬನಗಳಲ್ಲಿಯೂ ಉಳಿದಿರುವುದರಿಂದ, ಅದು ಹೇಗೆ ಬದುಕುತ್ತದೆಂಬುದನ್ನು ಗ್ರಾಮದ ಮುಖ್ಯಸ್ಥರೂ ಭೂಮಾಲಿಕರೂ ತಿಳಿದಿರುವುದು ಅವಶ್ಯ.

ನೇತ್ರಾವತಿಯು ಕುದುರೆಮುಖದ ಶ್ರೇಣಿಯಲ್ಲಿ ಹುಟ್ಟುವುದು. ಉಪ್ಪಿನಂಗಡಿಯಲ್ಲಿ ಪುಷ್ಪಗಿರಿಯ ಕಡೆಯಿಂದ ಬರುವ ಕುಮಾರಧಾರೆಯನ್ನು ಕೂಡಿಕೊಂಡು, ಬಂಟ್ವಾಳ ಪಾಣೆಮಂಗಳೂರುಗಳನ್ನು ದಾಟಿ, ತುಂಬೆಯಲ್ಲಿ ಪಟ್ಟಣಕ್ಕೆ ಕುಡಿಯುವ ನೀರನ್ನೊದಗಿಸಿ, ಮಂಗಳೂರಿನ ಬಳಿ ಗುರುಪುರ ಹೊಳೆಯ ಸಂಗಡ ಸಮುದ್ರವನ್ನು ಸೇರುವುದು. ೨೦೧೨ರಲ್ಲಿ ಯುನೆಸ್ಕೋ ಸಂಸ್ಥೆಯವರು ಪಶ್ಚಿಮಘಟ್ಟದ ೩೯ ತಾಣಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ ಕುದುರೆಮುಖವೂ ಪುಷ್ಪಗಿರಿಯೂ ಆ ಪಟ್ಟಿಯಲ್ಲಿದ್ದವು. ಅಂದರೆ ನಮ್ಮ ನದಿಯ ಎರಡು ತಲೆಗಳೂ ಲೋಕವೇ ಬೆಲೆಯುಳ್ಳವೆಂದು ಒಪ್ಪಿದ ಕಾಡಿನಲ್ಲಿವೆ.

ಈ ಕಾಡಿಗೆ ಒಂದು ವಿಶೇಷವುಂಟು. ದಕ್ಷಿಣ ಅಮೆರಿಕದ ಅಮೆಜಾನ್ ಪ್ರದೇಶ, ಆಫ್ರಿಕದ ಕಾಂಗೋ, ಮಲಯ, ಬೋರ್ನಿಯೋ ಮುಂತಾದ ದೊಡ್ಡ ಮಳೆಕಾಡುಗಳು ಭೂಮಧ್ಯರೇಖೆಯ ಆಸುಪಾಸಿನಲ್ಲಿವೆ. ಅಲ್ಲಿನ ಹೆಚ್ಚಿನ ಭಾಗಗಳಲ್ಲಿ ವರ್ಷದ ಬಹುಪಾಲು ತಿಂಗಳುಗಳಲ್ಲಿಯೂ ಮಳೆಯಾಗುವುದು. ನಮ್ಮಲ್ಲಾದರೋ ವರ್ಷದ ಮಳೆಯ ಐದರಲ್ಲಿ ನಾಲ್ಕು ಪಾಲಿಗೆ ಮಿಕ್ಕಿ ಜೂನ್ ಮೊದಲ್ಗೊಂಡು ಸೆಪ್ಟೆಂಬರ್ ಕೊನೆಯ ಒಳಗೆ ಸುರಿದುಬಿಡುವುದು. ದಶಂಬರದಿಂದ ಏಪ್ರಿಲ್ ವರೆಗೆ ಹನಿ ಬೀಳುವುದೇ ಅಪರೂಪ. ಆದರೂ ಮಾರ್ಚಿಯ ಬಿಸಿಲಿನಲ್ಲಿ ಶಿರಾಡಿ ಅಥವಾ ಚಾರ್ಮಾಡಿ ಘಟ್ಟವನ್ನು ಹತ್ತುವವರು ಕಾಡು ಹಸುರಾಗಿಯೇ ಇರುವುದನ್ನು ಕಾಣುವರು. ನಾಲ್ಕು ತಿಂಗಳ ಗಳಿಕೆಯಿಂದ ಹನ್ನೆರಡು ತಿಂಗಳ ಸಂಸಾರ ಸಾಗಿಸುವ ಗೃಹಸ್ಥನಂತೆ ಈ ಕಾಡು ನೀರನ್ನು ಕೂಡಿಡಲು ಕಲಿತಿದೆ. ನಮ್ಮ ಅಡಿಕೆತೋಟಗಳೂ ಅದೇ ಐದು ತಿಂಗಳು ಅದೇ ನೀರಿನಿಂದ ಬದುಕತಕ್ಕವು. ದಶಂಬರದಿಂದೀಚೆಗೆ ಹೊಳೆಯಲ್ಲಿ ಹರಿಯುವುದೆಲ್ಲ ಗುಡ್ಡದೊಳಗಿಂದ ಒಸರಿ ಬರುವ ಹಳೆಯ ಮಳೆಯೇ ಹೊರತು ಬೇರೆಯಲ್ಲ.

ಕೂಡಿಡುವ ಕ್ರಮ ಹೇಗೆಂದರೆ: ನಿತ್ಯಹರಿದ್ವರ್ಣದ ಕಾಡು ಮಾಳಿಗೆಯ ಮೇಲೆ ಮಾಳಿಗೆ ಕಟ್ಟಿದ ಮನೆಯಂತಿರುವುದು. ನೂರು ಅಡಿಗೆ ಮಿಕ್ಕಿ ಎತ್ತರವಾಗಿ ಧೂಪ, ಬಳಗಿ, ನಾಗಸಂಪಿಗೆ, ಹೆಬ್ಬಲಸು ಮೊದಲಾದವು ತಲೆಯೆತ್ತಿ ನಿಂತಿರುವುವು. ಅವುಗಳ ನೆರಳಿನಲ್ಲಿ ರಾಂಪತ್ರೆ, ಹೈಗ, ಉಪ್ಪಾಗೆ, ಪುನರ್ಪುಳಿಗಳು. ಅದಕ್ಕೂ ಕೆಳಗೆ ಬೆತ್ತ, ವಾಟೆ, ಜರಿಗಿಡ, ಇನ್ನೂ ಬೆಳಕಿಗಾಗಿ ಕಾದಿರುವ ಮರಿಗಿಡಗಳು. ಮೇಲಿನ ಕೊಂಬೆಗಳ ಮೇಲೆ ಹಾವಸೆ, ಸೀತಾಳೆಗಿಡ, ಬಂದಣಿಕೆಗಳು ನೆಲೆಸಿರುವುವು. ಅನೇಕ ಮರಗಳ ಎಲೆಯ ತುದಿಯು ಬಾಲದಂತೆ ನೀಳವಾಗಿ ಚೂಪಾಗಿರುವುದು. ಬಿದ್ದ ನೀರು ನಿಲ್ಲದೆ ಜಾರಿಹೋಗಿ ಎಲೆಯು ಬೇಗನೆ ಒಣಗುವುದಕ್ಕೆ ಇದು ಸಹಾಯಕವೆಂದು ತಿಳಿದವರ ಅಭಿಪ್ರಾಯ. ಬಿದ್ದ ಮಳೆಯಲ್ಲಿ ಒಂದು ಪಾಲು ಎಲೆಗಳ ಮೇಲೆಯೇ ಉಳಿದು ಆವಿಯಾಗುವುದು, ಒಂದು ಪಾಲು ಕಾಂಡವನ್ನು ಹಿಡಿದು ಇಳಿಯುವುದು, ಉಳಿದುದು ಹನಿಹನಿಯಾಗಿ ನೆಲಕ್ಕೆ ಬರುವುದು.

ಇಲ್ಲಿ ಬಹುಜನರು ಮಾಡುವ ಒಂದು ತಪ್ಪನ್ನು ತಿದ್ದಬೇಕಾಗಿದೆ. ಮರದ ಮೇಲ್ಛಾವಣಿಯೇ ಮಣ್ಣನ್ನು ರಕ್ಷಿಸುವುದೆಂದು ಅವರು ತಿಳಿದಿರುವರು. ಎತ್ತರದ ಎಲೆಯಲ್ಲಿ ನೀರು ಕೂಡಿ ದೊಡ್ಡ ಹನಿಯಾಗಿ ಅರುವತ್ತು ಎಪ್ಪತ್ತು ಅಡಿ ಕೆಳಗೆ ಬೀಳುವಾಗ ಅದರ ಪೆಟ್ಟು ಸಣ್ಣ ಮಳೆಹನಿಯ ಪೆಟ್ಟಿಗಿಂತ ಹೆಚ್ಚೇ ಆಗಬಹುದು. ಸಾಗುವಾನಿಯ ನೆಡುತೋಪಿನಲ್ಲಿ ತರಗೆಲೆಯನ್ನೆಲ್ಲ ಗುಡಿಸಿ ತೆಗೆದಲ್ಲಿ ಮರಗಳು ನಿಂತಿರುವಂತೆಯೇ ಬುಡದ ಮಣ್ಣು ತೊಳೆದುಹೋಗಿ ಬೇರುಗಳು ಹೊರಗೆ ಕಾಣುವುದನ್ನು ಯಾರಾದರೂ ನೋಡಬಹುದು. ಮಣ್ಣನ್ನು ಕಾಯತಕ್ಕದ್ದು ನೆಲದ ಮೇಲೆ ಹಾಸಿರುವ ತರಗೆಲೆಯೂ ಅದರಡಿಯ ಕರಿಯ ಗೊಬ್ಬರದ ಪದರವೂ ಆಗಿವೆ. ಕಾಡಿನಲ್ಲಿ ಕೈಯಿಂದ ತರಗೆಲೆಯನ್ನು ಸರಿಸಿ ನೋಡಿದರೆ, ಮೇಲೆ ಇಡಿಯ ಎಲೆ, ಅದರ ಕೆಳಗೆ ಜಾಲರಿಯಂತೆ ತೂತಾದ ಎಲೆ, ಅದಕ್ಕೂ ಕೆಳಗೆ ಬಿಳಿಯ ನೂಲಿನಂಥ ಅಣಬೆಯ ತಂತುಗಳಿಂದ ಹೆಣೆದ ಪುಡಿ, ಕೊನೆಗೆ ಬೆರಳಿಗೆ ಮೆತ್ತಗೆ ತಾಗುವ ಮಣ್ಣು ಸಿಕ್ಕುವುದು. ಗೆದ್ದಲು, ಎರೆಹುಳು, ಸಹಸ್ರಪದಿ, ಕಣ್ಣಿಗೆ ಕಾಣದ ಕೋಟ್ಯಂತರ ಜೀವಿಗಳು ಅಲ್ಲಿ ಕೆಲಸಮಾಡುತ್ತಿರುವುವು. ಅವುಗಳು ಕೊರೆದ ಬಿಲಗಳ ಮೂಲಕವೂ ಸತ್ತ ಬೇರುಗಳು ಬಿಟ್ಟುಹೋದ ಕೊಳವೆಗಳ ಮೂಲಕವೂ ನೀರು ಕೆಳಕ್ಕೆ ಇಳಿಯುವುದು.

ಆ ಪದರದ ಅಡಿಯಲ್ಲಿರುವ ಮಣ್ಣಿನ ಯೋಗ್ಯತೆಯೇನು? ಇಷ್ಟು ಸಮೃದ್ಧವಾದ ಕಾಡು ಬೆಳೆದಿರುವ ನೆಲ ಬಹಳ ಫಲವತ್ತಾಗಿರಬೇಕೆಂದು ಮೇಲುನೋಟಕ್ಕೆ ತೋರುವುದು. ಹಾಗೆಣಿಸಿಯೇ ಕಾಡನ್ನು ಕಡಿದು ತೋಟವಿಟ್ಟವರು ಹಲವರು ಕೆಲವೇ ವರ್ಷಗಳಲ್ಲಿ ಗೊಬ್ಬರಕ್ಕೆ ಹಣ ಸುರಿಯುವವರಾದರು. ಇಷ್ಟು ಮಳೆ ಬೀಳುವ ಸೀಮೆಯಲ್ಲಿ ಸುಣ್ಣ, ಪೊಟ್ಯಾಷ್ ಮುಂತಾದ ಸಾರಗಳೆಲ್ಲ ಸಾವಿರಾರು ವರ್ಷಗಳಿಂದ ತೊಳೆದುಹೋಗಿ, ಕಬ್ಬಿಣ ಮತ್ತು ಅಲ್ಯುಮಿನಿಯಮ್ ಅಂಶಗಳೇ ಉಳಿದು ಕೆಂಪು ಮುರಮಣ್ಣಾಗಿದೆ. ಫ್ರಾನ್ಸಿಸ್ ಬುಕನನ್ ಎಂಬವರು ೧೮೦೧ರಲ್ಲಿ ಕೆನರಾ ಸೀಮೆಯಲ್ಲಿ ಸಂಚರಿಸಿ, ೧೮೦೭ರಲ್ಲಿ ಅಚ್ಚಾದ ತಮ್ಮ ಪ್ರವಾಸಗ್ರಂಥದಲ್ಲಿ ಮಲಬಾರಿನ ಅಂಗಾಡಿಪುರದಲ್ಲಿ ಕಂಡ ಈ ಕಲ್ಲಿಗೆ, ಲ್ಯಾಟಿನ್ ಭಾಷೆಯಲ್ಲಿ ಇಟ್ಟಿಗೆ ಎಂಬರ್ಥದ ಶಬ್ದದಿಂದ, ಲ್ಯಾಟರೈಟ್ ಎಂಬ ಹೆಸರನ್ನು ಕೊಟ್ಟರು. ನಾವು ಅದನ್ನು ಮುರಕಲ್ಲು ಎನ್ನುವೆವು. ಮಂಗಳೂರಿನ ಹಳೆಯ ಮನೆಗಳೆಲ್ಲ ಅದರಿಂದಲೇ ಎದ್ದವು. ಅಗೆಯುವಾಗ ಕೊಡಲಿಯಿಂದ ಕಡಿಯುವಷ್ಟು ಮೆತ್ತಗಿದ್ದು, ಗಾಳಿ ಬಿಸಿಲು ತಾಗಿದಂತೆ ಗಟ್ಟಿಯಾಗುವುದು ಈ ಕಲ್ಲಿನ ಸ್ವಭಾವವೆಂಬುದನ್ನು ಕಲ್ಲುಕೋರೆಯ ಯಜಮಾನರಿಗೆ ಹೇಳಬೇಕಾದುದಿಲ್ಲ. ಕಾಡು ಕಡಿದು ಬತ್ತಲೆ ಬಿಟ್ಟ ಗುಡ್ಡಕ್ಕೂ ಕಾಲಕ್ರಮದಲ್ಲಿ ಇದೇ ಗತಿ. ಮೇಲಿನ ಮಣ್ಣು ತೊಳೆದುಹೋಗಿ ಪಾದೆ ತೇಲಿ, ಮೇ ತಿಂಗಳಲ್ಲಿ ಕಾಲಿಡಲಾಗದಷ್ಟು ಕಾಯುವ ನೆಲವಾಗುವುದು.

ಹಾಗಾದರೆ ಕಾಡಿನ ಆಹಾರವೆಲ್ಲಿದೆ? ಬಹುಪಾಲು ಮರಗಳಲ್ಲಿಯೂ ಉದುರಿದ ಎಲೆಯಲ್ಲಿಯೂ ಇದೆ. ಮೇಲೆ ಹೇಳಿದ ತರಗೆಲೆಯ ಪದರದಲ್ಲಿಯೂ ಅದರ ಕೆಳಗಿನ ಒಂದಡಿ ಮಣ್ಣಿನಲ್ಲಿಯೂ ಮರಗಳ ಸೂಕ್ಷ್ಮಬೇರುಗಳು ಹರಡಿಕೊಂಡು, ಎಲೆ ಕೊಳೆತು ಬಿಟ್ಟ ಸಾರವು ಮಳೆಯಲ್ಲಿ ತೊಳೆದುಹೋಗುವ ಮೊದಲೇ ಅದನ್ನು ಹಿಡಿದು ಮತ್ತೆ ಮೇಲಕ್ಕೆ ಸೆಳೆಯುವುವು. ಹಳೆಯ ಮನೆತನದಲ್ಲಿ ಒಡವೆಯು ಅಜ್ಜಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ ದಾಟುವಂತೆ ಅದೇ ಸೊತ್ತು ಸುತ್ತುತ್ತಿರುವುದು. ಹೊರಗಿನ ಆದಾಯ ಅತ್ಯಲ್ಪ. ಆದುದರಿಂದ ಮರವನ್ನು ಸಾಗಿಸಿ, ತರಗೆಲೆಯನ್ನು ಗುಡಿಸಿ, ಉಳಿದುದಕ್ಕೆ ಬೆಂಕಿಯಿಟ್ಟರೆ ಆಸ್ತಿಯೇ ಹೋದಂತಾಯಿತು.

ಈ ವ್ಯವಹಾರದಲ್ಲಿ ಅಣಬೆಗಳಿಗಿರುವ ಪಾತ್ರವನ್ನು ನಮ್ಮ ಜಿಲ್ಲೆಯವರು ಬಾಯಿರುಚಿಯಿಂದಲೇ ಬಲ್ಲರು. ಮುಂಗಾರಿನ ಮೊದಲ ಮಳೆಗಳಾದ ಮೇಲೆ ಮಂಗಳೂರು, ಉಡುಪಿ, ಕಾರ್ಕಳಗಳ ಪೇಟೆಗಳಿಗೆ ಕಲ್ಲಣಬೆ ಬರುವುದಷ್ಟೆ. ತುಳುವಿನಲ್ಲಿ ಕಲ್ಲಲಂಬು ಎಂದು ಕರೆಯಲ್ಪಡುವ ಈ ಗುಂಡು ಅಣಬೆಯನ್ನು ಮುರಮಣ್ಣನ್ನು ಕೆದಕಿ ತೆಗೆಯುವರು. ಅದಕ್ಕೆ ಕೇಳಿದ ಬೆಲೆ ಸಿಗುವುದು. ಇದನ್ನು ಭತ್ತದ ಹುಲ್ಲಿನ ಮೇಲೆ ಬೆಳೆಸುವ ಅಣಬೆಯಂತೆ ಕೃಷಿ ಮಾಡಲು ಬರುವುದಿಲ್ಲ. ಕಾರಣವೇನೆಂದರೆ, ಇದರ ತಂತುಗಳು ಕಿರಾಲಬೋಗಿ, ಹೈಗ ಮೊದಲಾದ ಧೂಪದ ಕುಟುಂಬದ ಮರಗಳ ಬೇರಿನ ತುದಿಗೆ ಒರೆಯಂತೆ ಸುತ್ತಿಕೊಂಡು ಬದುಕುವುವು. ಮರದ ಬೇರು ತಲುಪಲಾರದ ಸಂದುಗಳಿಗೆ ತಂತು ಹೋಗಿ ರಂಜಕವನ್ನೂ ನೀರನ್ನೂ ತಂದುಕೊಡುವುದು. ಮರವು ಎಲೆಯಲ್ಲಿ ಮಾಡಿದ ಸಕ್ಕರೆಯಲ್ಲಿ ಅದಕ್ಕೆ ಪಾಲು ಕೊಡುವುದು. ಮರ ಹೋದಲ್ಲಿ ಕಲ್ಲಣಬೆಯೂ ಹೋಗುವುದು. ಹಿಂದೆ ಕಲ್ಲಣಬೆ ಏಳುತ್ತಿದ್ದ ಗುಡ್ಡದಲ್ಲಿ ಈಗ ಯಾಕೆ ಇಲ್ಲವೆಂದು ಕೇಳುವವರು, ಆ ಗುಡ್ಡದ ಕಿರಾಲಬೋಗಿಗಳು ಯಾರ ಮನೆಯ ಅಡ್ಡೆ ಪಕಾಸುಗಳಾದವೆಂಬುದನ್ನೂ ವಿಚಾರಿಸಿದರೆ ಉತ್ತರ ಸಿಗಬಹುದು.

ಇನ್ನು ನೀರು ಇಳಿಯುವ ವಿಷಯವನ್ನು ಓದಿ ನಂಬುವುದಕ್ಕಿಂತ ಪರೀಕ್ಷಿಸಿ ನೋಡುವುದು ಉತ್ತಮ. ಎರಡೂ ಬದಿ ತೆರೆದಿರುವಂತೆ ತಳ ಕತ್ತರಿಸಿದ ಹಳೆಯ ತಗಡಿನ ಡಬ್ಬಿಯೊಂದನ್ನು ತೆಗೆದುಕೊಂಡು, ಕಾನೆಯ ಮರದ ಕೆಳಗೆ ಇಡಿಯ ಎಲೆಗಳನ್ನು ಮಾತ್ರ ಸರಿಸಿ ಎರಡಂಗುಲ ಆಳಕ್ಕೆ ನೆಲದಲ್ಲಿ ಒತ್ತಿ, ಒಂದು ಚೆಂಬು ನೀರು ಹೊಯ್ದು ಅದು ಇಂಗಲು ಎಷ್ಟು ಹೊತ್ತಾಯಿತೆಂದು ಗಡಿಯಾರದಲ್ಲಿ ನೋಡತಕ್ಕದ್ದು. ಅದೇ ಡಬ್ಬಿಯಿಂದ ಅದೇ ಅಳತೆಯ ನೀರನ್ನು ದನ ತುಳಿದ ಬೋಳುಗುಡ್ಡದಲ್ಲಿಯೂ, ಯಂತ್ರದಿಂದ ಹೊಸದಾಗಿ ಸಮತಟ್ಟು ಮಾಡಿದ ಜಾಗದಲ್ಲಿಯೂ ಹೊಯ್ದು ನೋಡಲಿ. ಮೂರು ಸ್ಥಳಗಳ ಹೊತ್ತನ್ನು ಬರೆದಿಟ್ಟು ಗ್ರಾಮಸಭೆಯಲ್ಲಿ ಓದಿದರೆ, ಈ ಲೇಖನಕ್ಕಿಂತ ಹೆಚ್ಚು ಪ್ರಯೋಜನವಾದೀತು. ಮಾರ್ಚಿ ತಿಂಗಳಲ್ಲಿ ತಮ್ಮ ಗ್ರಾಮದ ಎರಡು ತೋಡುಗಳನ್ನು, ಒಂದು ಕಾನೆಯ ಗುಡ್ಡದಿಂದ ಇಳಿಯುವುದು, ಇನ್ನೊಂದು ಬೋಳುಗುಡ್ಡದಿಂದ ಇಳಿಯುವುದು, ಬುಡದಿಂದ ತಲೆಯವರೆಗೆ ನಡೆದು ನೋಡುವುದೂ ಒಳ್ಳೆಯದು.

ಉತ್ತರ ಕನ್ನಡ ಜಿಲ್ಲೆಯಲ್ಲಿ ಸಹಜವಾದ ಕಾಡು, ಹಾಳಾದ ಕಾಡು, ಅಕೇಶಿಯದ ನೆಡುತೋಪು ಇವುಗಳಿಂದ ಇಳಿಯುವ ಸಣ್ಣ ತೋಡುಗಳನ್ನು ವಿಜ್ಞಾನಿಗಳು ಹೀಗೆಯೇ ಅಳೆದು ನೋಡಿರುವರು. ಮಳೆ ಸುರಿದ ಹೊತ್ತಿನಲ್ಲಿ ಹಾಳಾದ ಕಾಡಿನ ತೋಡು ಥಟ್ಟನೆ ಉಕ್ಕುವುದೆಂದೂ, ಸಹಜವಾದ ಕಾಡಿನಲ್ಲಿ ನೀರು ಹೆಚ್ಚಾಗಿ ನೆಲಕ್ಕಿಳಿದು ತಡವಾಗಿ ತೋಡಿಗೆ ಬರುವುದೆಂದೂ ಕಂಡುಬಂದಿದೆ. ಕಾಡೂ ನೀರನ್ನು ಕುಡಿಯುತ್ತದಲ್ಲವೇ ಎಂಬ ಪ್ರಶ್ನೆ ನ್ಯಾಯವಾದುದು. ಕುಡಿಯುತ್ತದೆ, ಬಹಳವಾಗಿಯೇ ಕುಡಿಯುತ್ತದೆ. ಆದರೆ ಹಳೆಯ ಕಾಡು ತಾನು ಕುಡಿಯುವುದಕ್ಕಿಂತ ಹೆಚ್ಚನ್ನು ನೆಲಕ್ಕೆ ಇಳಿಸಿಕೊಡುವುದು. ವೇಗವಾಗಿ ಬೆಳೆಯುವ ಒಂದೇ ಜಾತಿಯ ತೋಪನ್ನು ಗಟ್ಟಿಯಾದ ಗುಡ್ಡದಲ್ಲಿ ಹಾಕಿದಾಗ, ಕುಡಿಯುವುದು ಬೇಗ ಆರಂಭವಾಗುವುದು. ಮಣ್ಣು ಮೊದಲಿನಂತೆ ಮೆತ್ತಗಾಗಲು ಬಹಳ ವರ್ಷಗಳು ಬೇಕಾಗುವುವು. ಗುಡ್ಡವು ಹಸುರಾಗಿ ಕಂಡಿತೆಂದ ಮಾತ್ರಕ್ಕೆ ಕಾಡಾಯಿತೆಂದು ಎಣಿಸಬಾರದೆಂಬುದಕ್ಕೆ ಇಷ್ಟು ಸಾಕು.

ಬಂಟ್ವಾಳ ತಾಲೂಕಿನ ಮಾಣಿಲದಲ್ಲಿಯೂ ಕಾಸರಗೋಡು ಸೀಮೆಯ ಬಾಯಾರಿನಲ್ಲಿಯೂ ತೋಟಗಳಿಗೆ ನೀರು ಕೊಡುವ ಸುರಂಗಗಳನ್ನು ವಾಚಕರು ಬಲ್ಲರು. ಗುಡ್ಡದ ಹೊಟ್ಟೆಗೆ ಅಡ್ಡವಾಗಿ ಒಬ್ಬ ಮನುಷ್ಯ ಹೋಗುವಷ್ಟು ಮುರಮಣ್ಣನ್ನು ಕೊರೆದು, ಒಸರುವ ನೀರನ್ನು ಹರಿಸಿ ಕೆರೆಯಲ್ಲಿ ನಿಲ್ಲಿಸುವ ಈ ವಿದ್ಯೆಗೆ ಪಂಪೂ ಬೇಡ, ವಿದ್ಯುತ್ತೂ ಬೇಡ. ಆದರೆ ಸುರಂಗವು ನೀರನ್ನು ಹುಟ್ಟಿಸಲಾರದು. ತಲೆಯ ಮೇಲಿನ ಗುಡ್ಡದಲ್ಲಿ ಇಂಗಿದುದನ್ನು ಮಾತ್ರ ತರಬಲ್ಲುದು. ಹಿರಿಯರು ಸುರಂಗದ ಮೇಲಿನ ಗುಡ್ಡದ ಮರಕ್ಕೆ ಕತ್ತಿ ಹಾಕಲು ಹಿಂಜರಿಯುತ್ತಿದ್ದುದು ವಿನಾ ಕಾರಣವಲ್ಲ. ಇಂದು ಅದೇ ಗುಡ್ಡಗಳಲ್ಲಿ ಮೇಲಿನವನು ಕಲ್ಲುಕೋರೆ ಮಾಡಿದರೆ ಕೆಳಗಿನವನ ತೋಟಕ್ಕೆ ಕುತ್ತು ಬರುವುದು. ಇಬ್ಬರೂ ಒಂದೇ ಗ್ರಾಮದವರೇ ಆಗಿರುವರು, ಅನೇಕ ವೇಳೆ ಒಂದೇ ಕುಟುಂಬದವರೂ ಆಗಿರುವರು.

ಕಡಿದ ಕಾಡು ಪುನಃ ತಾನೇ ಬರುವು‌ದೆಂದು ಧೈರ್ಯ ಹೇಳುವವರಿದ್ದಾರೆ. ಯಾವ ಕಾಡು ಬರುವುದೆಂಬುದನ್ನು ನೋಡಬೇಕು. ಅಕೇಶಿಯದ ಬೀಜಕ್ಕೆ ಗಟ್ಟಿಯಾದ ಸಿಪ್ಪೆಯಿರುವುದರಿಂದ ಅದು ಮಣ್ಣಿನಲ್ಲಿ ವರ್ಷಗಟ್ಟಲೆ ಕಾದಿದ್ದು, ಬಿಸಿಲು ಬಿದ್ದೊಡನೆ ಮೊಳೆಯಬಲ್ಲುದು. ಧೂಪದ ಬೀಜಕ್ಕೆ ಆ ಶಕ್ತಿಯಿಲ್ಲ. ಮುಂಗಾರಿನೊಡನೆ ಹಣ್ಣಾಗಿ ಬಿದ್ದು, ಬಿದ್ದ ಕೆಲವು ದಿನಗಳಲ್ಲಿಯೇ ಒದ್ದೆ ನೆಲದ ಮೇಲೆ ಮೊಳಕೆಯೊಡೆಯುವುದು, ಒಣಗಿತೆಂದರೆ ಸತ್ತಿತು. ಹೈಗ, ಕಿರಾಲಬೋಗಿಗಳ ರೆಕ್ಕೆಯುಳ್ಳ ಕಾಯಿಗಳೂ ಹೀಗೆಯೇ ಅಲ್ಪಾಯುಗಳು. ಮೊಳೆತ ಗಿಡಕ್ಕೆ ನೆರಳು ಬೇಕು. ಬೋಳುಗುಡ್ಡದಲ್ಲಿ ಅದು ಮೊದಲನೆಯ ಬೇಸಗೆಯನ್ನು ದಾಟುವುದು ಕಷ್ಟ. ತಾಯಿಮರವನ್ನು ಕಡಿದುಬಿಟ್ಟರೆ ಮಣ್ಣಿನಲ್ಲಿ ಅಡಗಿಸಿಟ್ಟ ಬೀಜದ ನಿಧಿಯೇನೂ ಇರುವುದಿಲ್ಲ.

ಬೀಜವನ್ನು ದೂರಕ್ಕೆ ಒಯ್ಯಲು ಕಾಡಿನ ಮರಗಳು ಪ್ರಾಣಿಪಕ್ಷಿಗಳನ್ನು ಕೂಲಿಗೆ ಇಟ್ಟುಕೊಂಡಿವೆ. ಕೂಲಿಯು ಹಣ್ಣಿನ ರೂಪದಲ್ಲಿ ಸಲ್ಲುವುದು. ಬೈನೆಯ ಹಣ್ಣನ್ನು ಪುನುಗುಗಳು ತಿಂದು ಬೀಜವನ್ನು ಬೇರೆಡೆ ಹಾಕುವುವು. ಸಿಂಗಳೀಕವು ಪಶ್ಚಿಮಘಟ್ಟದಲ್ಲಲ್ಲದೆ ಲೋಕದಲ್ಲಿ ಬೇರೆಲ್ಲಿಯೂ ಸಹಜವಾಗಿ ಇಲ್ಲದ ಪ್ರಾಣಿ. ಮರದಿಂದ ಮರಕ್ಕೆ ಮೇಲಿಂದಲೇ ಸಾಗುತ್ತ ಹಣ್ಣುಗಳನ್ನು ಹುಡುಕುವುದು. (ತೋಟಕ್ಕೆ ಲೂಟಿಗೆ ಬರುವ ಸಾಮಾನ್ಯ ಕೋತಿ ಬೇರೆ, ಅದರ ಮೇಲಿನ ಸಿಟ್ಟನ್ನು ಇದರ ಮೇಲೆ ತೀರಿಸಬಾರದು.) ರಾಂಪತ್ರೆಯ ಕಾಯಿ ಒಡೆದಾಗ ಕೆಂಪು ಜಾಪತ್ರೆ ಸುತ್ತಿದ ದಪ್ಪ ಬೀಜವನ್ನು ಇಡಿಯಾಗಿ ನುಂಗಬಲ್ಲ ಹಕ್ಕಿಗಳು ಕೆಲವೇ, ಅವುಗಳಲ್ಲಿ ಮಂಗಟ್ಟೆಯು ಮುಖ್ಯವಾದುದು. ದೊಡ್ಡ ಮಂಗಟ್ಟೆಯ ಹೆಣ್ಣು ಹಳೆಯ ಮರದ ಪೊಟರೆಯನ್ನು ಹೊಕ್ಕು, ಬಾಗಿಲನ್ನು ಮುಚ್ಚಿ, ಕೊಕ್ಕು ತೂರುವಷ್ಟು ಸಂದನ್ನು ಮಾತ್ರ ಬಿಟ್ಟು, ಮೂರು ತಿಂಗಳಿಗೆ ಮಿಕ್ಕಿ ಒಳಗೇ ಇರುವುದು. ಗಂಡು ಹಣ್ಣು ತಂದು ಉಣಿಸುವುದು. ಅದಕ್ಕೆ ಬೇಕಾದ ಪೊಟರೆ ಎಳೆಯ ಮರದಲ್ಲಿರುವುದಿಲ್ಲ. ಆದಕಾರಣ ಪೊಳ್ಳಾಗಿದೆ, ಹಲಗೆಗೆ ಬಾರದು, ಸೌದೆಗಾದರೂ ಆಗಲಿ ಎಂದು ನಾವು ಕಡಿಯುವ ಮುದಿಮರವೇ ಕಾಡಿಗೆ ಅತ್ಯಂತ ಬೆಲೆಯುಳ್ಳದ್ದು. ತುಡುವೆ ಜೇನಿಗೂ ಮುಜಂಟಿಗೂ ಅಂಥ ಪೊಟರೆಗಳೇ ಮನೆ.

ಹೊಳೆಯ ದಂಡೆಯ ಮರಗಳ ಬಗ್ಗೆಯೂ ಒಂದು ಸಂಗತಿಯನ್ನು ತಿಳಿಸಬೇಕಾಗಿದೆ. ಇಪ್ಪೆಯ ಬಳಗಕ್ಕೆ ಸೇರಿದ, ಶಾಸ್ತ್ರಜ್ಞರು ಮಧೂಕ ಇನ್ಸಿಗ್ನಿಸ್ ಎಂದು ಹೆಸರಿಟ್ಟ ಮರವೊಂದು ನಮ್ಮ ಜಿಲ್ಲೆಯಿಂದ ಹತ್ತೊಂಬತ್ತನೆಯ ಶತಮಾನದಲ್ಲಿ ಸಂಗ್ರಹಿಸಲ್ಪಟ್ಟು, ಆ ಬಳಿಕ ಒಂದು ಶತಮಾನಕ್ಕೂ ಮಿಕ್ಕಿ ಯಾರಿಗೂ ಸಿಗದೆ, ನಶಿಸಿಹೋಯಿತೆಂದೇ ಗಣಿಸಲ್ಪಟ್ಟಿತ್ತು. ಈ ಶತಮಾನದ ಮೊದಲನೆಯ ದಶಕದಲ್ಲಿ ಅದು ಕುಮಾರಧಾರೆಯ ದಂಡೆಯಲ್ಲಿ ಮತ್ತೆ ಕಾಣಸಿಕ್ಕಿತು. ಅಷ್ಟು ಕಾಲ ಅದನ್ನು ಉಳಿಸಿದುದು ಯಾವ ಕಾಯಿದೆಯೂ ಅಲ್ಲ. ದಂಡೆಯನ್ನು ಯಾರೋ ಕಡಿಯದೆ ಬಿಟ್ಟಿದ್ದರು, ಅಷ್ಟೆ.

ಹಿಂದಿನ ಕಾಲದಲ್ಲಿ ಕಾಡು ಹಾಳಾದುದಕ್ಕೆಲ್ಲ ಕುಮೇರಿ ಬೇಸಾಯವನ್ನು ದೂರುವ ಪದ್ಧತಿಯಿತ್ತು. ೧೮೬೦ರಲ್ಲಿ ಮದರಾಸು ಸರಕಾರವು ಕೆನರಾದಲ್ಲಿ ಅದನ್ನು ತಡೆಯಿತು. ಆದರೆ ೧೮೬೫ರಲ್ಲಿ ಬಾಸೆಲ್ ಮಿಶನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದ ಮೇಲೆ ಹೊಳೆಯ ದಂಡೆಗಳಲ್ಲಿ ಒಂದರ ಹಿಂದೊಂದು ಎದ್ದ ಭಟ್ಟಿಗಳಿಗೆ ದೋಣಿ ದೋಣಿಯಾಗಿ ಸೌದೆ ಬಂದುದನ್ನು ಅದೇ ತಕ್ಕಡಿಯಲ್ಲಿ ತೂಗಿದವರು ಕಡಿಮೆ. ಕುಮೇರಿಯವನು ಒಂದೆರಡು ಬೆಳೆ ತೆಗೆದು ಬಿಟ್ಟುಹೋದಲ್ಲಿ ಸುತ್ತಲಿನ ಕಾಡು ಮತ್ತೆ ಒಳಸೇರಬಹುದಾಗಿತ್ತು. ಯಂತ್ರದಿಂದ ಮೆಟ್ಟಿಲು ಕಡಿದ ಗುಡ್ಡದಲ್ಲಿ ಆ ಆಸೆಯಿಲ್ಲ.

ಈಗ ನಮ್ಮ ಕೈಯಲ್ಲಿರುವುದರ ಮಾತು. ಹಳೆಯ ವರ್ಗಭೂಮಿಯ ಎಲ್ಲೆಯಿಂದ ೧೦೦ ಗಜದೊಳಗಿನ ಸರಕಾರಿ ಜಾಗದಲ್ಲಿ ಸೊಪ್ಪು, ಹುಲ್ಲು, ಸೌದೆಗಳನ್ನು ತೆಗೆದುಕೊಳ್ಳುವ ಕುಮ್ಕಿಯ ಸವಲತ್ತನ್ನೂ, ಕಾನೆ ಬಾಣೆಗಳ ಸವಲತ್ತುಗಳನ್ನೂ ೧೯೬೪ರ ಭೂಕಂದಾಯ ಕಾಯಿದೆಯ ೭೯ನೆಯ ಕಲಮು ಅಂಗೀಕರಿಸಿದೆ. ಇದು ಸವಲತ್ತು, ಒಡೆತನವಲ್ಲ. ಈ ಸವಲತ್ತನ್ನು ಕೊಟ್ಟ ಉದ್ದೇಶವೇ ಕೆಳಗಿನ ಗದ್ದೆ ತೋಟಗಳಿಗೆ ಸೊಪ್ಪಿನ ಆಸರೆಯಿರಲೆಂಬುದು. ಗದ್ದೆಗಳು ಅಡಿಕೆತೋಟಗಳಾದವು, ಹಟ್ಟಿಗಳಲ್ಲಿ ದನ ಕಡಿಮೆಯಾಯಿತು, ಗೊಬ್ಬರ ಚೀಲದಲ್ಲಿ ಬರತೊಡಗಿತು. ಅದರೊಡನೆ ಕುಮ್ಕಿಯು ಉಪಯೋಗವಿಲ್ಲದ ಗುಡ್ಡವೆಂಬ ಭಾವನೆ ಬೇರೂರಿ, ಕೆಲವರು ರಬ್ಬರಿಗೂ ಕೆಲವರು ಕಲ್ಲುಕೋರೆಗೂ ಅದನ್ನು ಒಪ್ಪಿಸಿದರು. ಅಡಿಕೆಯ ಧಾರಣೆ ಏರಿದ ವರ್ಷ ತೋಟವನ್ನು ಗುಡ್ಡಕ್ಕೆ ಏರಿಸುವ ಆಸೆ ಯಾರಿಗಾದರೂ ಸಹಜ. ಆದರೆ ಗುಡ್ಡಕ್ಕೆ ಏರಿದ ತೋಟವು ತನ್ನ ನೀರಿನ ತಾಯಿಯನ್ನೇ ತಿಂದಂತಾಗುವುದು: ನೀರು ಬೇಕಾದ ಎಕ್ರೆಗಳು ಹೆಚ್ಚುವುವು, ನೀರು ಇಂಗಿಸುವ ಎಕ್ರೆಗಳು ಅಷ್ಟೇ ಕಡಿಮೆಯಾಗುವುವು. ಕೊಳವೆಬಾವಿಯು ಈ ಲೆಕ್ಕವನ್ನು ಕೆಲವು ವರ್ಷ ಮರೆಸುವುದು; ಬಗೆಹರಿಸುವುದಿಲ್ಲ.

ಮಂಗಳೂರು ಪಟ್ಟಣದೊಳಗಿನ ನಾಗಬನಗಳ ಸ್ಥಿತಿ ಇದಕ್ಕಿಂತ ಶೋಚನೀಯ. ರೆಂಜೆ, ಸುರಹೊನ್ನೆ, ಪಾಲೆ, ಬೆತ್ತ, ಬಳ್ಳಿಗಳು ಹೆಣೆದುಕೊಂಡಿದ್ದ ಐದು ಹತ್ತು ಸೆಂಟ್ಸಿನ ಬನಗಳು ಆ ಜಾಗದಲ್ಲಿ ಹಿಂದೆ ಎಂಥ ಕಾಡಿತ್ತೆಂಬುದಕ್ಕೆ ಉಳಿದ ಕೊನೆಯ ಸಾಕ್ಷಿಗಳು. ಜೀರ್ಣೋದ್ಧಾರದ ಹೆಸರಿನಲ್ಲಿ ಮರಗಳನ್ನು ತೆಗೆದು, ಕಾಂಕ್ರೀಟಿನ ಕಟ್ಟೆ ಕಟ್ಟಿ, ಸುತ್ತಲೂ ನುಣುಪು ಕಲ್ಲು ಹಾಸಿ, ಕಬ್ಬಿಣದ ಬೇಲಿ ಹಾಕುವುದು ಭಕ್ತಿಯಿಂದಲೇ ನಡೆಯುತ್ತಿದೆ ಎಂಬುದನ್ನು ಅಲ್ಲಗಳೆಯುವಂತಿಲ್ಲ. ಬನವಿಲ್ಲದ ಜಾಗವನ್ನು ನಾಗಬನವೆಂದು ಹೇಗೆ ಕರೆಯುವುದೆಂಬುದನ್ನು ಗುತ್ತಿನ ಯಜಮಾನರೂ ಕುಟುಂಬದ ಹಿರಿಯರೂ ತಂತ್ರಿಗಳೊಡನೆ ಕುಳಿತು ಆಲೋಚಿಸಬೇಕು. ಮರವನ್ನುಳಿಸಿಕೊಂಡು ಕಟ್ಟೆಯನ್ನು ಕಿರಿದಾಗಿಸಿದ ಬನಗಳೂ ಉಂಟು. ಅಂಥವನ್ನು ನೋಡಿಬಂದು ನಿರ್ಣಯಿಸಬಹುದು. ಘಟ್ಟದ ಮರಗಳ ಪರಿಚಯವಿಲ್ಲದವರು ಪಟ್ಟಣದ ಸಮೀಪದಲ್ಲಿಯೇ ಇರುವ ಪಿಲಿಕುಳ ನಿಸರ್ಗಧಾಮದ ಸಸ್ಯವನದಲ್ಲಿ ಅವುಗಳನ್ನು ಮುರಮಣ್ಣಿನಲ್ಲಿ ಬೆಳೆಸಿರುವುದನ್ನು ನೋಡಬಹುದು.

ಕುಮ್ಕಿ ಕಾನೆಗಳನ್ನು ನೋಡಿಕೊಳ್ಳುವ ಕ್ರಮದ ವಿಷಯವಾಗಿ ಹೇಳತಕ್ಕದ್ದು ಹೆಚ್ಚಿಲ್ಲ. ಸೊಪ್ಪು ತರಿಯುವಾಗ ಮರದ ತುದಿಯನ್ನು ಮುಟ್ಟದೆ ಕೆಳಗಿನ ಕೊಂಬೆಗಳನ್ನು ಮಾತ್ರ ತರಿದು, ಒಮ್ಮೆ ತರಿದ ಮರವನ್ನು ಎರಡು ಮೂರು ವರ್ಷ ಬಿಡುವುದು. ತರಗೆಲೆಯನ್ನು ಇಡೀ ಗುಡ್ಡದಿಂದ ಪ್ರತಿವರ್ಷವೂ ಗುಡಿಸದೆ, ಗುಡ್ಡವನ್ನು ಮೂರು ಪಾಲು ಮಾಡಿ ಒಂದೊಂದು ವರ್ಷ ಒಂದೊಂದು ಪಾಲಿನಿಂದ ತರುವುದು. ತೋಡಿನ ಎರಡು ಬದಿಗಳಲ್ಲಿಯೂ ಒರತೆಯ ತಲೆಯಲ್ಲಿಯೂ ಏನನ್ನೂ ಮುಟ್ಟದಿರುವುದು. ಫೆಬ್ರವರಿಯ ಒಳಗೆ ಎಲ್ಲೆಯ ಸುತ್ತ ಬೆಂಕಿದಾರಿಯನ್ನು ಕೆತ್ತಿಸುವುದು. ಇಂಗುಗುಂಡಿಗಳ ವಿಷಯದಲ್ಲಿ ಎಚ್ಚರಿಕೆ ಅಗತ್ಯ: ಇಳಿಜಾರು ಕಡಿಮೆಯಿರುವ ಮುರಗುಡ್ಡದಲ್ಲಿ ಅವು ಒಳ್ಳೆಯವು, ಘಟ್ಟದ ಬುಡದ ಕಡಿದಾದ, ಮಣ್ಣು ಆಳವಾಗಿರುವ ಗುಡ್ಡಗಳಲ್ಲಿ ಗುಂಡಿ ತೋಡಿ ನೀರು ನಿಲ್ಲಿಸಿದರೆ ಗುಡ್ಡವು ಭಾರವಾಗಿ ಜಾರುವ ಭಯವುಂಟು. ಅಂಥಲ್ಲಿ ಬೇರಿನ ಕೆಲಸವನ್ನು ಬೇರಿಗೇ ಬಿಡುವುದು ಲೇಸು.

ಕಾಡನ್ನು ಮರಳಿ ಎಬ್ಬಿಸಬೇಕೆನ್ನುವವರು ಬೋಳು ನೆಲದಲ್ಲಿ ಧೂಪವನ್ನು ನೆಟ್ಟು ನಿರಾಶರಾಗಬಾರದು. ಮೊದಲು ಮೂರು ವರ್ಷ ದನ, ಬೆಂಕಿ, ಕತ್ತಿ ಮೂರನ್ನೂ ತಡೆದು, ಕುಂಟಾಲ, ಕೇಪುಳ ಮುಂತಾದ ಪೊದೆಗಳು ತಾವಾಗಿ ಏಳುವಂತೆ ಬಿಡತಕ್ಕದ್ದು. ಇರುವ ಅಕೇಶಿಯವನ್ನು ಒಮ್ಮೆಲೇ ಕಡಿಯದೆ ನೆರಳಿಗಾಗಿ ಉಳಿಸಿಕೊಂಡು, ನಡುನಡುವೆ ತೆಗೆಯುತ್ತ ಬರಬಹುದು. ಪೊದೆಯ ನೆರಳು ಸಿಕ್ಕಿದ ಮೇಲೆ ಮೇ ತಿಂಗಳಲ್ಲಿ ಪುನರ್ಪುಳಿಯ ಬೀಜವನ್ನೂ, ಮುಂಗಾರು ಹಿಡಿದ ಮೇಲೆ ಹೈಗ, ಕಿರಾಲಬೋಗಿ, ಧೂಪಗಳ ಬೀಜವನ್ನೂ ಆರಿಸಿ ತರತಕ್ಕದ್ದು. ಹಳೆಯ ಮಾರ್ಗಗಳ ಬದಿಯ ಧೂಪದ ಸಾಲುಮರಗಳಡಿಯಲ್ಲಿ ಬೀಜವು ಬೇಕಾದಷ್ಟು ಸಿಗುವುದು. ತಂದುದನ್ನು ಬಿಸಿಲಿನಲ್ಲಿ ಹರಡದೆ, ಗೋಣಿಯಲ್ಲಿ ಕಟ್ಟಿಡದೆ, ಮೂರು ನಾಲ್ಕು ದಿನಗಳೊಳಗೆ ಒದ್ದೆ ಮರಳಿನಲ್ಲಿ ಊರಬೇಕು. ಗಿಡ ಒಂದಡಿಯಾದ ಮೇಲೆ ಮುಂದಿನ ಜೂನ್ ತಿಂಗಳಲ್ಲಿ ಪೊದೆಯ ಬಡಗಣ ಅಥವಾ ಮೂಡಣ ಮಗ್ಗುಲಲ್ಲಿ, ಪಡುವಣ ಬಿಸಿಲು ತಾಗದಂತೆ, ಹತ್ತಿರದ ಹಳೆಯ ಕಾಡಿನ ಒಂದು ಬುಟ್ಟಿ ಮಣ್ಣನ್ನು ಕುಳಿಗೆ ಹಾಕಿ ನೆಡುವುದು. ಆ ಮಣ್ಣಿನೊಡನೆ ಅಣಬೆಯ ತಂತು ಬಂದಿರುವುದು.